ಸೋಮಯ್ಯ ಎಲಿಜಿಬಲ್ ಆದದ್ದು

ಕಟ್ಟೆಮಳಲವಾಡಿಯ ಚೆಲುವಯ್ಯನ ಎರಡನೆಯ ಮಗ ಸೋಮಯ್ಯ ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದಾನೆಂಬ ಸುದ್ದಿ ಊರಿಗೆ ಬಂದದ್ದು ೧೯೩೫ರ ಬೇಸಗೆಯಲ್ಲಿ. ಹುಣಸೂರಿನ ಸಂತೆಗೆ ಹೋಗಿದ್ದವರು ಯಾರೋ ಹೈಸ್ಕೂಲಿನ ಗೋಡೆಯ ಮೇಲೆ ಅವನ ಹೆಸರಿದೆ ಎಂದು ಕೇಳಿಕೊಂಡು ಬಂದು ಹೇಳಿದರು. ಚೆಲುವಯ್ಯ ಅಟ್ಟದ ಮೇಲಿದ್ದ ಬೆಲ್ಲದಚ್ಚುಗಳನ್ನು ಇಳಿಸಿ, ಒಡೆದು, ಬೀದಿಯ ಮನೆಮನೆಗೂ ಹಂಚಿದ. ಶಾನುಭೋಗರ ಮನೆಯವರನ್ನು ಬಿಟ್ಟರೆ ಆ ಊರಿನಲ್ಲಿ ಅಷ್ಟು ದೂರ ಓದಿದವರೇ ಇರಲಿಲ್ಲ. ಹೊಲ ಗದ್ದೆ ಮಾಡಿಕೊಂಡಿದ್ದವರ ಮನೆಯಿಂದ ಒಬ್ಬ ಕಾಲೇಜಿಗೆ ಹೋಗುತ್ತಾನೆ ಎಂಬುದು ಚೆಲುವಯ್ಯನಿಗೆ ನೆಲದ ಮೇಲೆ ಕಾಲು ನಿಲ್ಲದಂಥ ಸಂಗತಿಯಾಗಿತ್ತು.

ಸೋಮಯ್ಯ ಮಾತ್ರ ಹಿತ್ತಲಿನಲ್ಲಿ ಎಮ್ಮೆಗೆ ನೀರು ಕುಡಿಸುತ್ತಾ ನಿಂತಿದ್ದ. ಒಳಗೆ ಬರಲು ಅವನಿಗೆ ಮನಸ್ಸಿರಲಿಲ್ಲ.

ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಈ ಪರೀಕ್ಷೆಗೆ ಎರಡು ಬಗೆಯ ಫಲವಿತ್ತು. ಪರೀಕ್ಷೆ ಬರೆದು ಮುಗಿಸಿದವರ ಸರ್ಟಿಫಿಕೇಟಿನಲ್ಲಿ ‘ಕಂಪ್ಲೀಟೆಡ್’ ಎಂದು ಬರೆಯುತ್ತಿದ್ದರು. ಅವರಿಗೆ ಸಣ್ಣಪುಟ್ಟ ಸರ್ಕಾರಿ ನೌಕರಿ ಸಿಗುತ್ತಿತ್ತು. ಪ್ರತಿಯೊಂದು ವಿಷಯದಲ್ಲೂ ಯೂನಿವರ್ಸಿಟಿಯವರು ಗೊತ್ತುಮಾಡಿದಷ್ಟು ನಂಬರು ತೆಗೆದವರನ್ನು ಮಾತ್ರ ‘ಎಲಿಜಿಬಲ್’ ಎನ್ನುತ್ತಿದ್ದರು. ಕಾಲೇಜಿನ ಬಾಗಿಲು ತೆರೆಯುತ್ತಿದ್ದದ್ದು ಈ ಎರಡನೆಯವರಿಗೆ. ಗೋಡೆಯ ಮೇಲೆ ಎರಡೂ ಬಗೆಯವರ ಹೆಸರು ಹಾಕಿದ್ದರು. ಸೋಮಯ್ಯ ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಹೋಗಿ ನೋಡಿಕೊಂಡು ಬಂದಿದ್ದ. ಹೇಳಬೇಕೆಂದು ಮನೆಗೆ ಬರುವ ಹೊತ್ತಿಗೆ ಅಪ್ಪ ಬೆಲ್ಲ ಒಡೆಯುತ್ತಿದ್ದ. ಆಮೇಲೆ ಹೇಳಲು ಆಗಲಿಲ್ಲ. ಎಲ್ಲೋ ಒಂದು ಕಡೆ, ಕಾಲೇಜಿನವರು ಹೇಗೋ ಸೇರಿಸಿಕೊಂಡುಬಿಡಬಹುದು ಎಂಬ ಆಸೆಯೂ ಇತ್ತು. ಹದಿನೇಳು ವರ್ಷದ ಹುಡುಗ.

ಅವನಿಗೆ ಓದಬೇಕೆಂದು ಹಂಬಲ ಹುಟ್ಟಿದ್ದು ಕಾಲುವೆಯಿಂದ. ಲಕ್ಷ್ಮಣತೀರ್ಥ ಹೊಳೆಯ ಕಟ್ಟೆಯಿಂದ ಬರುವ ಕಾಲುವೆ ಅವರ ಗದ್ದೆಯ ಪಕ್ಕದಲ್ಲೇ ಹರಿಯುತ್ತಿತ್ತು. ವರ್ಷಕ್ಕೊಮ್ಮೆ ಓವರ್‌ಸಿಯರ್ ಒಬ್ಬರು ಮೂರು ಕಾಲಿನ ಯಂತ್ರವನ್ನು ಏರಿಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಎಲ್ಲಿ ಹೂಳು ತೆಗೆಯಬೇಕು, ಎಲ್ಲಿ ಮಣ್ಣು ಏರಿಸಬೇಕು ಎಂದು ಹೇಳುತ್ತಿದ್ದರು. ಅವರು ಹೇಳಿದಂತೆ ಮಾಡಿದರೆ ಕೊನೆಯ ಗದ್ದೆಗೂ ನೀರು ಹೋಗುತ್ತಿತ್ತು. ಅದನ್ನು ನೋಡುತ್ತ ಬೆಳೆದ ಸೋಮಯ್ಯನಿಗೆ ತಾನೂ ಇಂಜಿನಿಯರಾಗಬೇಕು ಎನಿಸಿತ್ತು. ಲೆಕ್ಕದಲ್ಲಿ ಅವನು ತರಗತಿಗೆ ಮುಂದಿದ್ದ. ಮಳೆಗಾಲದಲ್ಲಿ ಹುಣಸೂರಿನಲ್ಲಿ ನೆಂಟರ ಮನೆಯ ಜಗಲಿಯಲ್ಲಿ ಮಲಗಿ, ಉಳಿದ ದಿನ ನಡೆದುಕೊಂಡು ಹೋಗಿಬಂದು ಹೈಸ್ಕೂಲು ಮುಗಿಸಿದ್ದ.

ಜೂನ್ ತಿಂಗಳಲ್ಲಿ ಚೆಲುವಯ್ಯ ಪಟೇಲರ ಕೋಟು ಕೇಳಿ ಹಾಕಿಕೊಂಡು ಮಗನನ್ನು ಕರೆದುಕೊಂಡು ಮೈಸೂರಿಗೆ ಹೊರಟ. ಕಾಲೇಜಿನ ಆಫೀಸಿನ ಮುಂದೆ ಬೇಕಾದಷ್ಟು ಜನ ನಿಂತಿದ್ದರು. ಇವರ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು. ಗುಮಾಸ್ತ ಸರ್ಟಿಫಿಕೇಟಿನ ಪುಸ್ತಕ ತಿರುವಿ ನೋಡಿ, ಮುಚ್ಚಿ, ವಾಪಸು ಕೊಟ್ಟ.

“ಸೇರಿಸಿಕೊಳ್ಳೋದಕ್ಕೆ ಆಗೋಲ್ಲ ಯಜಮಾನ್ರೆ.”

“ಯಾಕ್ ಸ್ವಾಮಿ? ಪಾಸಾಗವ್ನಲ್ಲ?”

“ಕಂಪ್ಲೀಟೆಡ್ ಅಂತ ಇದೆ. ಎಲಿಜಿಬಲ್ ಅಂತ ಇರಬೇಕು.”

“ಅಂಗಂದ್ರೆ?”

ಗುಮಾಸ್ತ ಬೆಳಗಿನಿಂದ ಎಷ್ಟು ಜನಕ್ಕೆ ಈ ಮಾತು ಹೇಳಿದ್ದನೋ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. “ಹೈಸ್ಕೂಲು ಮುಗಿಸಿದ್ದಾನೆ ಅಂತ ಅರ್ಥ. ಕಾಲೇಜಿಗೆ ಯೋಗ್ಯ ಅಂತ ಅಲ್ಲ.”

ಚೆಲುವಯ್ಯನ ಮುಖ ಕೆಂಪಾಯಿತು. “ನನ್ ಮಗ ಯೋಗ್ಯ ಅಲ್ವಾ ಸ್ವಾಮಿ? ಒಂದ್ ಬೀಡಿ ಸೇದಕಿಲ್ಲ, ಒಬ್ರಿಗೆ ಎದ್ರುತ್ರ ಕೊಟ್ಟೋನಲ್ಲ. ನಮ್ಮೂರ್ಗೆ ಬಂದು ಯಾರ್ನಾರ ಕೇಳಿ.”

“ಅದಲ್ಲ ಯಜಮಾನ್ರೆ. ಹುಡುಗ ಒಳ್ಳೆಯವನೇ ಇರಬಹುದು. ಇಂಗ್ಲಿಷಿನಲ್ಲಿ ನಂಬರು ಸಾಲದು. ಎರಡು ಕಮ್ಮಿ ಬಿದ್ದಿದೆ.”

“ಎರಡೇಯಾ?”

“ಎರಡೇ.”

ಚೆಲುವಯ್ಯ ಮಗನ ಕಡೆ ತಿರುಗಿದ. “ಲೆಕ್ಕದಲ್ಲಿ ಎಷ್ಟ್ ಬಂದದ್ಲಾ?”

ಸೋಮಯ್ಯ ತಲೆ ತಗ್ಗಿಸಿಕೊಂಡೇ ಹೇಳಿದ. ಬೇಕಾದದ್ದಕ್ಕಿಂತ ಎರಡರಷ್ಟು ಇತ್ತು.

“ನೋಡಿ ಸ್ವಾಮಿ, ಆ ಕಡೆ ತುಂಬಿ ಅರೀತಾ ಅದೆ. ಅದ್ರಲ್ಲಿ ಎರಡ ಇತ್ಲಾಗೆ ತಿರುಗ್ಸಕಾಗಕಿಲ್ವಾ?”

ಹಿಂದೆ ನಿಂತಿದ್ದವರಲ್ಲಿ ಕೆಲವರು ನಕ್ಕರು. ಗುಮಾಸ್ತ ನಗಲಿಲ್ಲ. “ನನ್ನ ಕೈಲಿಲ್ಲ ಯಜಮಾನ್ರೆ. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕಟ್ಟಿಸಿ” ಎಂದು ಹೇಳಿ ಪಕ್ಕದವರ ಪುಸ್ತಕಕ್ಕೆ ಕೈ ಚಾಚಿದ.

ವಾಪಸು ಬರುವ ಬಸ್ಸು ಬಿಳಿಕೆರೆ ದಾಟಿತು. ಆಮೇಲೆ ಚೆಲುವಯ್ಯ ಕೋಟನ್ನು ಬಿಚ್ಚಿ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ. “ನಿಂಗೆ ಮೊದ್ಲೇ ಗೊತ್ತಿತ್ತಾ?”

“ಊಂ ಕಣಪ್ಪ.”

ಅಪ್ಪ ಬೈಯುತ್ತಾನೆ ಎಂದು ಕಾದ. ಅವನು ಬೈಯಲಿಲ್ಲ. ಊರಿಗೆ ಬಂದು ಕೇಳಿದವರಿಗೆಲ್ಲ, “ಈ ವರ್ಸ ಕಾಲೇಜ್ನಲ್ಲಿ ಜಾಗ ಇಲ್ವಂತೆ. ಬರೋ ವರ್ಸ ಬನ್ನಿ ಅಂದವ್ರೆ” ಎಂದು ಹೇಳಿದ. ಹೇಳಿ ಹೇಳಿ ಕೊನೆಗೆ ಅದು ಅವನಿಗೇ ನಿಜವಾಯಿತೇನೋ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಚನ್ನಬಸವಣ್ಣ ಮೇಷ್ಟ್ರು. ರಜೆ ಮುಗಿದು ಅವರು ಹುಣಸೂರಿಗೆ ಬಂದ ಮೇಲೆ ಸೋಮಯ್ಯ ಹೋಗಿ ನೋಡಿದ. ಏನು ಪ್ರಬಂಧ ಬರೆದೆ ಎಂದು ಅವರು ಕೇಳಿದರು. ಆ ವರ್ಷ ‘ಒಂದು ರೈಲು ಪ್ರಯಾಣ’ ಎಂದು ಕೊಟ್ಟಿದ್ದರು. ಹುಣಸೂರಿಗೆ ರೈಲಿರಲಿಲ್ಲ. ಸೋಮಯ್ಯ ರೈಲನ್ನು ಕಂಡೇ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋದದ್ದನ್ನೇ ರೈಲು ಎಂದು ಬರೆಯಲು ಹೋಗಿ, ದಾರಿಯಲ್ಲಿ ಅದಕ್ಕೆ ನೀರು ಕುಡಿಸಿ ನೆರಳಿನಲ್ಲಿ ನಿಲ್ಲಿಸಿದೆವು ಎಂದು ಬರೆದು, ಅದು ತಪ್ಪೆಂದು ಹೊಳೆದು, ಗೀಟು ಹಾಕುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಕೇಳಿ ಮುಗಿಸಿ ಚನ್ನಬಸವಣ್ಣ ಮೇಷ್ಟ್ರು ಹೇಳಿದರು. “ಪಟ್ಟಣದ ಹುಡುಗರಿಗೆ ಅಮ್ಮನ ತೊಡೆಯ ಮೇಲೆ ಕೂತಾಗಲೇ ಇದೆಲ್ಲ ಆಗಿಹೋಗಿರುತ್ತೆ ಸೋಮಯ್ಯ. ನೀನು ಎಲ್ಲವನ್ನೂ ಪುಸ್ತಕದಿಂದಲೇ ಕಲೀಬೇಕು. ಒಂದು ಸಲ ಹೋಗಿ ರೈಲು ಹತ್ತಿ ಇಳಿದು ಬಾ. ಮತ್ತೆ ಪರೀಕ್ಷೆಗೆ ಕೂತುಕೋ. ಎಲ್ಲ ವಿಷಯವನ್ನೂ ಮತ್ತೆ ಬರೀಬೇಕು, ಅದು ನೆನಪಿರಲಿ. ಎಲ್ಲದರಲ್ಲೂ ಒಂದೇ ಸಲಕ್ಕೆ ದಾಟಿದರೆ ಮಾತ್ರ ಎಲಿಜಿಬಲ್.”

ಕೂಡಲೇ ಕೂರಲು ಆಗಲಿಲ್ಲ. ಮನೆಯಲ್ಲಿ ಕೆಲಸವಿತ್ತು. ಅಣ್ಣ ನಿಂಗರಾಜು ಒಬ್ಬನೇ ಎರಡು ಜನದ ಕೆಲಸ ಮಾಡುತ್ತಿದ್ದ. ಒಂದು ವರ್ಷ ಸೋಮಯ್ಯ ಅವನ ಜೊತೆ ಉತ್ತು ಬಿತ್ತಿ ಮಾಡಿದ. ಆಮೇಲೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಅವನಿಗೆ ಮೇಷ್ಟ್ರ ಕೆಲಸ ಸಿಕ್ಕಿತು. ಅದಕ್ಕೆ ಕಂಪ್ಲೀಟೆಡ್ ಸಾಕಾಗಿತ್ತು. ಹೊತ್ತು ಹುಟ್ಟುವ ಮೊದಲು ಎದ್ದು ಗ್ರಾಮರ್ ಪುಸ್ತಕ ಹಿಡಿದು ಕೂರುತ್ತಿದ್ದ. ಹಗಲೆಲ್ಲ ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದ. ಸಂಜೆಗೆ ಗಂಟಲು ಕಟ್ಟಿ, ಯಾರಾದರೂ ಮಾತನಾಡಿಸಿದರೆ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದ.

೧೯೩೮ರ ಪರೀಕ್ಷೆಗೆ ಕಟ್ಟಿದ ಮೇಲೆ, ಸಂಕ್ರಾಂತಿ ಕಳೆದು ಒಕ್ಕಣೆ ಮುಗಿದಾಗ, ಮೇಷ್ಟ್ರು ಹೇಳಿದ್ದ ರೈಲು ನೆನಪಾಯಿತು. ಹತ್ತಿರದ ರೈಲೆಂದರೆ ಕೃಷ್ಣರಾಜನಗರದ್ದು. ಸೋಮಯ್ಯ ಒಬ್ಬನೇ ಹೋಗುತ್ತೇನೆ ಎಂದ. ನಿಂಗರಾಜು ಗಾಡಿ ಕಟ್ಟಿದ.

“ನಾನೂ ಬತ್ತೀನಿ. ರೈಲ್ನ ನಾನೂ ಒಂದ್ಸಲ ನೋಡ್ದಂಗಾಯ್ತದೆ.”

ಸ್ಟೇಷನ್ನಿನ ಹಿಂದಿನ ಹುಣಸೆಮರದ ಕೆಳಗೆ ಎತ್ತು ಬಿಚ್ಚಿ, ಪಕ್ಕದ ಮನೆಯವರಿಗೆ ನೋಡಿಕೊಳ್ಳಿ ಎಂದು ಹೇಳಿ, ಅಣ್ಣ ತಮ್ಮ ಸಾಗರಕಟ್ಟೆಯವರೆಗೆ ಟಿಕೆಟು ತೆಗೆದರು. ರೈಲು ಹೊರಟಿತು. ಸೋಮಯ್ಯ ಬೆಂಚಿನ ತುದಿಯಲ್ಲಿ ಕೂತು, ಕಂಡದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುತ್ತಾ ತುಟಿ ಅಲ್ಲಾಡಿಸುತ್ತಿದ್ದ. ಎಂಜಿನ್ನು ಕೂಗಿತು. ಗಾರ್ಡು ಹಸಿರು ಬಾವುಟ ಬೀಸಿದ. ಪ್ರಯಾಣಿಕರು ಒಬ್ಬರೊಡನೊಬ್ಬರು ಮಾತನಾಡುತ್ತಿದ್ದರು.

ನಿಂಗರಾಜು ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದ. ಕಣ್ಣಂಬಾಡಿ ಕಟ್ಟೆಯ ಹಿನ್ನೀರಿನ ಮೇಲಿನ ಸೇತುವೆಗೆ ರೈಲು ಬಂದಾಗ ಎರಡೂ ಕಡೆ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಬಿಸಿಲಿಗೆ ಅದು ಕಣ್ಣು ಕುಕ್ಕುತ್ತಿತ್ತು.

“ಲೋ ಸೋಮ, ನೋಡ್ಲಾ ಇಲ್ಲಿ! ದಡಾನೇ ಕಾಣಕಿಲ್ಲ. ಇದ್ರೊಳಗೆ ಊರ್ಗೋಳು ಮುಳುಗವಂತಲ್ಲ, ದಿಟವಾ?”

“ದಿಟ ಕಣಣ್ಣ.”

“ಕಿಟ್ಕೀಲಿ ನೋಡಂದ್ರೆ ಬಾಯಲ್ಲೇನ್ಲಾ ಪಿಟಿಪಿಟಿ ಅಂತೀಯ. ಎದ್ದು ಬಾ ಇತ್ಲಾಗೆ.”

ಅಣ್ಣ ತೋಳು ಹಿಡಿದು ಎಳೆದ. ಸೋಮಯ್ಯ ಎದ್ದು ಅವನ ಪಕ್ಕ ನಿಂತು ನೋಡಿದ. ಸೇತುವೆ ಮುಗಿಯುವವರೆಗೂ ಇಬ್ಬರೂ ಹಾಗೇ ನಿಂತಿದ್ದರು. ಸಾಗರಕಟ್ಟೆಯಲ್ಲಿ ಇಳಿದು, ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದು, ಸಂಜೆಯ ಗಾಡಿಗೆ ವಾಪಸು ಬಂದರು.

ಮಾರ್ಚಿನಲ್ಲಿ ಪರೀಕ್ಷೆಗೆ ಕೂತಾಗ ರೈಲನ್ನು ಕೇಳಲೇ ಇಲ್ಲ. ‘ಸಮುದ್ರತೀರದಲ್ಲಿ ಒಂದು ದಿನ’ ಎಂದಿತ್ತು. ಸೋಮಯ್ಯ ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ದಡ ಕಾಣದ ಆ ನೀರನ್ನು ನೆನೆದುಕೊಂಡು ಬರೆಯಲು ಶುರುಮಾಡಿದ. ಉಪ್ಪು, ಅಲೆ, ಕಪ್ಪೆಚಿಪ್ಪು ಎಲ್ಲವನ್ನೂ ಪಠ್ಯಪುಸ್ತಕದಿಂದ ತಂದು ಸೇರಿಸಿದ. ಅಣ್ಣ ತಮ್ಮ ಇಬ್ಬರು ಪಕ್ಕಪಕ್ಕ ನಿಂತು ನೀರು ನೋಡಿದರು ಎಂದು ಮುಗಿಸಿದ.

ಇಂಗ್ಲಿಷಿನಲ್ಲಿ ದಾಟಿದ. ಗಣಿತದಲ್ಲಿ ಬಿದ್ದ.

ಗಣಿತದ ಪುಸ್ತಕವನ್ನು ಅವನು ಆ ಮೂರು ವರ್ಷ ಸರಿಯಾಗಿ ಬಿಡಿಸಿಯೇ ಇರಲಿಲ್ಲ. ಅದು ತನ್ನದೇ ಎಂದುಕೊಂಡಿದ್ದ. ಪರೀಕ್ಷೆಯ ಕೋಣೆಯಲ್ಲಿ ರೇಖಾಗಣಿತದ ಪ್ರಮೇಯವೊಂದು ಅರ್ಧಕ್ಕೆ ನಿಂತುಹೋಗಿತ್ತು. ಮುಂದಿನದು ಏನೆಂದು ನೆನಪೇ ಬರಲಿಲ್ಲ. ಬೀಜಗಣಿತದಲ್ಲಿ ಉತ್ತರ ಮೂರು ಸಲ ಮಾಡಿದರೆ ಮೂರು ತರಹ ಬಂದಿತ್ತು.

ಫಲಿತಾಂಶ ಬಂದಾಗ ಅವನು ಹಾರನಹಳ್ಳಿಯಲ್ಲಿದ್ದ. ನಿಂಗರಾಜು ಕೇಳಿಕೊಂಡು ಹೋಗಲು ನಡೆದೇ ಬಂದ. ಸ್ಕೂಲಿನ ಜಗಲಿಯ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಇಂಗ್ಲೀಸು ಆಯ್ತಾ?”

“ಆಯ್ತು.”

“ಅಂಗಾರೆ ಎಲ್ಜಬಲ್ಲು?”

“ಇಲ್ಲ ಕಣಣ್ಣ. ಲೆಕ್ಕ ಓಯ್ತು.”

“ಲೆಕ್ಕ ಓದ್ಸಲಾನೇ ಆಗಿತ್ತಲ್ಲ?”

“ಎಲ್ಲಾನೂ ಒಂದೇ ಸಲಕ್ಕೆ ಆಗ್ಬೇಕಂತೆ. ಓದ್ಸಲದ್ದು ಲೆಕ್ಕಕ್ಕಿಲ್ಲ.”

ನಿಂಗರಾಜುವಿಗೆ ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. “ಅದೇನ್ಲಾ ಅದು” ಎಂದ. “ಇತ್ಲಾಗೆ ಬೇಲಿ ಕಟ್ಟಿದ್ರೆ ಅತ್ಲಾಗೆ ಕಿತ್ತೋಯ್ತದಲ್ಲ.” ಆಮೇಲೆ, “ಅಪ್ಪಂಗೆ ಏನಂತ ಏಳ್ಲಿ?” ಎಂದು ಕೇಳಿದ.

“ಬರೋ ವರ್ಸ ಅಂತ ಏಳು.”

ಚೆಲುವಯ್ಯ ಆ ಬರೋ ವರ್ಷವನ್ನು ಎಲ್ಲರಿಗೂ ಹೇಳುತ್ತಲೇ ಇದ್ದು, ಮುಂದಿನ ವರ್ಷ ರಾಗಿ ಕೊಯ್ಲಿನ ಕಾಲದಲ್ಲಿ ಜ್ವರ ಬಂದು ತೀರಿಕೊಂಡ. ತಿಥಿಗೆ ಬಂದ ದೂರದ ನೆಂಟರೊಬ್ಬರು ಸೋಮಯ್ಯನ ಕೈ ಹಿಡಿದು, “ಯಾವ್ ಕಾಲೇಜಪ್ಪ ಈಗ?” ಎಂದು ಕೇಳಿದರು. ಸೋಮಯ್ಯ ನೀರು ತರುತ್ತೇನೆಂದು ಎದ್ದು ಹೋದ. ಅವ್ವ ಸಣ್ಣತಾಯಮ್ಮ ಒಳಗಿನಿಂದ ಅದನ್ನು ಕೇಳಿಸಿಕೊಂಡಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ, “ಮಗ, ನಿಂಗೆ ಬ್ಯಾಡ ಅನ್ನಿಸಿದ್ರೆ ಬುಟ್ಬುಡು. ನಿಮ್ಮಪ್ಪ ಓಗ್ಬುಟ್ರು. ಇನ್ಯಾರ್ಗೂ ಏನೂ ಏಳ್ಬೇಕಾಗಿಲ್ಲ” ಎಂದಳು. ಅದು ಕೇಳಿದ ಮೇಲೆ ಬಿಡುವುದು ಇನ್ನೂ ಕಷ್ಟವಾಯಿತು.

ಅದರ ಮುಂದಿನ ವರ್ಷ ಅವನಿಗೆ ಮದುವೆಯಾಯಿತು. ಹುಡುಗಿ ಹೆಗ್ಗಡದೇವನಕೋಟೆಯ ಕಡೆಯವಳು, ಸರಗೂರಿನ ಹತ್ತಿರದ ಹಳ್ಳಿಯಿಂದ ಬಂದವಳು. ಹೆಸರು ಪುಟ್ಟಲಕ್ಷ್ಮಿ. ಗಂಡ ಮುಂಜಾನೆ ಎದ್ದು ಪುಸ್ತಕ ಹಿಡಿಯುವುದು, ಹಿಡಿದುಕೊಂಡೇ ತೂಕಡಿಸುವುದು, ತಲೆ ಕೊಡವಿ ಮತ್ತೆ ಓದುವುದು ಅವಳಿಗೆ ಮೊದಮೊದಲು ಸೋಜಿಗವಾಗಿತ್ತು. ಒಂದು ದಿನ ಒಲೆಯ ಮುಂದೆ ಕೂತು ಕೇಳಿದಳು.

“ಮೇಷ್ಟ್ರು ಆಗಿದ್ದೀರಲ್ಲ. ಇನ್ನೂ ಯಾಕೆ ಓದ್ತೀರಿ?”

“ಎಲಿಜಿಬಲ್ ಆಗ್ಬೇಕು.”

“ಆದ್ರೆ ಏನಾಯ್ತದೆ?”

“ಕಾಲೇಜಿಗೆ ಸೇರ್ಬೋದು.”

“ಸೇರಿದ್ರೆ?”

“ಎರಡು ವರ್ಷಕ್ಕೆ ಇಂಟರ್‌ಮೀಡಿಯೆಟ್. ಆಮೇಲೆ ಅದರಲ್ಲಿ ಚೆನ್ನಾಗಿ ನಂಬರು ಬಂದ್ರೆ ಮುಂದಕ್ಕೆ.”

“ಅಲ್ಲೂ ಪರೀಕ್ಷೇನಾ?”

“ಊಂ.”

ಪುಟ್ಟಲಕ್ಷ್ಮಿ ಕೊಳವೆ ತೆಗೆದುಕೊಂಡು ಒಲೆ ಊದಿದಳು. ಅಂದಿನಿಂದ ಅವನು ಓದಲು ಕೂತಾಗ ಒಂದು ಲೋಟ ಬೆಲ್ಲದ ಕಾಫಿ ಪಕ್ಕದಲ್ಲಿ ಬಂದು ಕೂರುತ್ತಿತ್ತು.

೧೯೪೨ರಲ್ಲಿ ಸೋಮಯ್ಯ ಮೂರನೆಯ ಸಲ ಪರೀಕ್ಷೆ ಬರೆದ. ಆಗ ಅವನಿಗೆ ಇಪ್ಪತ್ತನಾಲ್ಕು. ಅಕ್ಕಪಕ್ಕದಲ್ಲಿ ಕೂತಿದ್ದ ಹುಡುಗರಿಗೆ ಮೀಸೆ ಚಿಗುರುತ್ತಿತ್ತು. ಈ ಸಲ ಯಾವ ವಿಷಯವನ್ನೂ ತನ್ನದು ಎಂದುಕೊಂಡಿರಲಿಲ್ಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಿಡಿದುಕೊಂಡು ಹೋಗಿದ್ದ, ಎಲ್ಲದರಲ್ಲೂ ಗೆರೆ ಮುಟ್ಟಿ ಒಂದಿಷ್ಟು ಮೇಲೆ ನಿಂತ. ಸರ್ಟಿಫಿಕೇಟಿನ ಪುಸ್ತಕದಲ್ಲಿ ಆ ಮಾತು ಬಂತು.

ಅದನ್ನು ಓದಿದಾಗ ಕುಣಿಯಬೇಕೆನಿಸಲಿಲ್ಲ. ಕಾಲು ನೋಯುತ್ತಿತ್ತು. ಎಲ್ಲಾದರೂ ಕೂತರೆ ಸಾಕು ಎನಿಸಿತು. ಹುಣಸೂರಿಗೆ ಹೋಗಿ ಚನ್ನಬಸವಣ್ಣ ಮೇಷ್ಟ್ರಿಗೆ ತೋರಿಸಿದ. ಅವರಿಗೆ ಕಣ್ಣು ಮಂಜಾಗಿತ್ತು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದು ವಿಷಯದ ನಂಬರಿನ ಮೇಲೂ ಬೆರಳಿಟ್ಟು ನೋಡಿದರು.

“ಬಹಳ ಸಂತೋಷ ಕಣಯ್ಯ” ಎಂದರು. ಆಮೇಲೆ, ಹೇಳಲೋ ಬೇಡವೋ ಎನ್ನುವಂತೆ, “ಸೈನ್ಸಿಗೆ ಸಿಗೋದು ಕಷ್ಟ. ಅಲ್ಲಿ ಗಣಿತದ ನಂಬರು ನೋಡ್ತಾರೆ. ಮೇಲಿನಿಂದ ಎಣಿಸಿಕೊಂಡು ಬಂದು ಸೀಟು ಮುಗಿದ ಕಡೆ ನಿಲ್ಲಿಸ್ತಾರೆ. ನಿನ್ನದು ಗೆರೆಯ ಮೇಲೆ ಕೂತಿದೆ. ಆರ್ಟ್ಸ್ ಸಿಗುತ್ತೆ” ಎಂದರು.

“ಏಳು ವರ್ಷದ ಹಿಂದೆ ಗಣಿತದಲ್ಲಿ ಇದರ ಎರಡರಷ್ಟಿತ್ತು ಮೇಷ್ಟ್ರೆ.”

“ಗೊತ್ತು. ನಾನೇ ನೋಡಿದ್ದೆನಲ್ಲ.”

ಮೇಷ್ಟ್ರು ಪುಸ್ತಕವನ್ನು ಮುಚ್ಚಿ ವಾಪಸು ಕೊಟ್ಟರು. ಇಂಜಿನಿಯರಿಂಗಿನ ಮಾತು ಅಲ್ಲಿಗೆ ಮುಗಿಯಿತು.

ಸಂಬಳವಿಲ್ಲದ ರಜೆ ಹಾಕಿ, ಪುಟ್ಟಲಕ್ಷ್ಮಿಯನ್ನು ಕಟ್ಟೆಮಳಲವಾಡಿಯಲ್ಲಿ ಅವ್ವನ ಹತ್ತಿರ ಬಿಟ್ಟು, ಸೋಮಯ್ಯ ಮೈಸೂರಿಗೆ ಹೋದ. ನಿಂಗರಾಜು ಅವನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಸ್ಸಿನವರೆಗೂ ಬಂದ. ದಾರಿಯಲ್ಲಿ ಎದುರಾದವರಿಗೆಲ್ಲ, “ನಮ್ ಸೋಮ ಎಲ್ಜಬಲ್ಲಾಗವ್ನೆ. ಕಾಲೇಜ್ಗೆ ಒಂಟವ್ನೆ” ಎಂದು ನಿಂತು ನಿಂತು ಹೇಳಿದ. ಕೇಳಿದವರಿಗೆ ಅರ್ಥವಾಗಲಿಲ್ಲ. ಒಬ್ಬರು, “ಅವತ್ತೇ ಪಾಸಾಗಿರ್ಲಿಲ್ವಾ?” ಎಂದರು.

ಕಾಲೇಜಿನ ಮೊದಲ ದಿನ ಅವನು ಕೊಠಡಿಯೊಳಗೆ ಕಾಲಿಟ್ಟಾಗ ಹುಡುಗರು ಎದ್ದು ನಿಂತರು. ಲೆಕ್ಚರರ್ ಬಂದರು ಎಂದುಕೊಂಡಿದ್ದರು. ಅವನು ಕೊನೆಯ ಬೆಂಚಿಗೆ ಹೋಗಿ ಕೂತ ಮೇಲೆ ನಕ್ಕರು, ಕೆಟ್ಟ ನಗೆಯಲ್ಲ. ಆಮೇಲೆ ನಿಜವಾದ ಲೆಕ್ಚರರ್ ಬಂದರು. ಅವರು ಸೋಮಯ್ಯನಿಗಿಂತ ಚಿಕ್ಕವರಂತೆ ಕಾಣುತ್ತಿದ್ದರು. ಇತಿಹಾಸ, ತರ್ಕಶಾಸ್ತ್ರ, ಕನ್ನಡ ಅವನಿಗೆ ಸಿಕ್ಕಿದ ವಿಷಯಗಳು. ತರ್ಕಶಾಸ್ತ್ರ ಅವನಿಗೆ ಹಿಡಿಸಬೇಕಿತ್ತು. ಲೆಕ್ಕದಂತೆಯೇ ಇತ್ತು ಅದು. ಆದರೆ ಲೆಕ್ಚರರ್ ಹಲಗೆಯ ಮೇಲೆ ಬರೆಯುತ್ತಿದ್ದಂತೆ ಇವನ ತಲೆ ಎದೆಯ ಮೇಲೆ ಬೀಳುತ್ತಿತ್ತು. ಏಳು ವರ್ಷ ಕದ್ದ ನಿದ್ದೆಯೆಲ್ಲ ಅಲ್ಲಿಗೇ ಬಂದು ಕಾದಂತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ರುದ್ರಸ್ವಾಮಿ ಎಂಬ ಹುಡುಗ ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದ. ಎಲ್ಲರಂತೆ ಅವನೂ ಇವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದ.

ಆಗಸ್ಟ್ ಬಂತು. ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ನಾಯಕರನ್ನು ಹಿಡಿದರೆಂಬ ಸುದ್ದಿ ಹಬ್ಬಿತು. ಒಂದು ಬೆಳಿಗ್ಗೆ ತರ್ಕಶಾಸ್ತ್ರದ ತರಗತಿಯಲ್ಲಿ ಹೊರಗಿನಿಂದ ಘೋಷಣೆ ಕೇಳಿಸಿತು. ಹುಡುಗರು ಒಬ್ಬೊಬ್ಬರಾಗಿ ಎದ್ದರು, ಆಮೇಲೆ ಎಲ್ಲರೂ ಒಟ್ಟಿಗೆ. ಬೆಂಚುಗಳು ಸರಿದಾಡಿದವು. ರುದ್ರಸ್ವಾಮಿ ಪುಸ್ತಕಗಳನ್ನು ಅಲ್ಲೇ ಬಿಟ್ಟು ಇವನ ಭುಜ ಮುಟ್ಟಿದ.

“ಬನ್ನಿ ಮೇಷ್ಟ್ರೇ.”

“ನೀನು ಹೋಗಪ್ಪ.”

“ಬನ್ನಿ. ಕಾಲೇಜು ಎಲ್ಲಿಗೂ ಓಡಿಹೋಗೋಲ್ಲ. ನಾಳೆ ಬೇಕಾದ್ರೆ ಬಂದು ಕೂರಬಹುದು.”

ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವನ ಮುಖ ಹೊಳೆಯುತ್ತಿತ್ತು. ಸೋಮಯ್ಯ ರಜೆಯ ಮೇಲಿದ್ದ ಸರ್ಕಾರಿ ಮೇಷ್ಟ್ರು, ಹಿಡಿದರೆ ನೌಕರಿ ಹೋಗುತ್ತಿತ್ತು. ಆ ಹೆದರಿಕೆ ಇತ್ತು. ಅದರ ಜೊತೆಗೆ, ಈ ಬೆಂಚಿನಿಂದ ಅಷ್ಟು ಸಲೀಸಾಗಿ ಎದ್ದು ಹೋಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೊಠಡಿ ಖಾಲಿಯಾಯಿತು. ಲೆಕ್ಚರರು ಸೀಮೆಸುಣ್ಣ ಹಿಡಿದುಕೊಂಡು ಒಬ್ಬನೇ ಕೂತಿದ್ದ ಇವನನ್ನು ನೋಡಿದರು. ಅವರಿಗೂ ಹೊರಗೆ ಹೋಗಬೇಕೆನಿಸುತ್ತಿತ್ತೋ ಏನೋ.

“ನೀವೂ ಹೋಗಿ” ಎಂದರು ಮೆಲ್ಲಗೆ. “ಒಬ್ಬರಿಗೆ ಪಾಠ ಮಾಡೋದು ಚೆನ್ನಾಗಿರೋಲ್ಲ.”

ಎರಡು ದಿನದಲ್ಲಿ ಕಾಲೇಜು ಮುಚ್ಚಿತು. ಪೆಟ್ರೋಲಿಲ್ಲದ ಯುದ್ಧದ ಕಾಲ. ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ದಿಣ್ಣೆ ಬಂದಾಗಲೆಲ್ಲ ನಿಲ್ಲುತ್ತಿತ್ತು. ಜನ ಇಳಿದು ತಳ್ಳುತ್ತಿದ್ದರು. ಸೋಮಯ್ಯನೂ ತಳ್ಳುತ್ತಾ ಹುಣಸೂರಿಗೆ ಬಂದು, ಅಲ್ಲಿಂದ ನಡೆದು ಮನೆ ಸೇರಿದ. ಮಾರನೆಯ ದಿನ ಯಾರೂ ಹೇಳದೆಯೇ ಕುಡುಗೋಲು ತೆಗೆದುಕೊಂಡು ಅಣ್ಣನ ಜೊತೆ ಬದುವಿನ ಹುಲ್ಲು ಕೊಯ್ಯಲು ಹೋದ. ಬೆನ್ನು ನೋಯುತ್ತಿತ್ತು, ಆದರೆ ಆ ನೋವಿನಲ್ಲಿ ಏನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ರಾತ್ರಿ ಮಲಗಿದರೆ ಬೆಳಿಗ್ಗೆವರೆಗೂ ಎಚ್ಚರವಾಗುತ್ತಿರಲಿಲ್ಲ.

ಕೆಲವು ವಾರಗಳಾದ ಮೇಲೆ ಕಾಲೇಜು ತೆರೆಯಿತೆಂದು ಹುಣಸೂರಿನಿಂದ ಸುದ್ದಿ ಬಂತು. ಸೋಮಯ್ಯ ಹೊರಡಲಿಲ್ಲ. ನಾಳೆ ಹೋಗಬಹುದು, ನಾಡಿದ್ದು ಹೋಗಬಹುದು ಎಂದು ಮನೆಯವರು ಕಾದರು. ಕೊನೆಗೆ ಒಂದು ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ನಿಂಗರಾಜು ಕೇಳಿದ.

“ಕಾಲೇಜ್ ತೆಗ್ದವ್ರಂತಲ್ಲ. ಯಾವತ್ತು ಒಂಟಿದ್ದೀಯ?”

“ಓಗಕಿಲ್ಲ ಕಣಣ್ಣ.”

“ಅಂಗಂದ್ರೆ? ಗಲಾಟೆ ನಿಲ್ಲಾಗಂಟ?”

“ಗಲಾಟೆಗಲ್ಲ. ಇನ್ನು ಓಗಕಿಲ್ಲ.”

ನಿಂಗರಾಜು ನೀರಿನಿಂದ ಮೇಲೆ ಬಂದು ಏರಿಯ ಮೇಲೆ ನಿಂತ. ಅವನಿಗೆ ಸಿಟ್ಟು ಬರುವುದು ಅಪರೂಪ. “ಏಳ್ ವರ್ಸ ಕಣ್ಲಾ” ಎಂದ. “ಏಳ್ ವರ್ಸ ನಾನೊಬ್ನೇ ಏರು ಕಟ್ಟಿವ್ನಿ. ಒಂದಿನ ಬಾಯ್ಬುಟ್ಟು ಅಂದಿವ್ನಾ? ಸೋಮ ಓದ್ತಾವ್ನೆ, ಓದ್ಲಿ ಅಂದೆ. ಊರೋರ್ಗೆಲ್ಲ ಏಳ್ಕಂಡು ತಿರುಗಿವ್ನಿ. ಈಗ ಬಾಗ್ಲು ತೆಗ್ದು ಒಳಗ್ ಬಾ ಅಂದ್ರೆ ಓಗಕಿಲ್ಲ ಅಂತೀಯ? ಯಾಕ್ಲಾ? ಯಾರೇನಂದ್ರು ಅಲ್ಲಿ?”

“ಯಾರೂ ಏನೂ ಅನ್ಲಿಲ್ಲ.”

“ಮತ್ತೆ?”

ಸೋಮಯ್ಯ ಅಲ್ಲೇ ಕಲ್ಲಿನ ಮೇಲೆ ಕೂತ. ಕಾರಣ ಹೇಳಬೇಕೆಂದು ಹುಡುಕಿದ. “ನಂಗೂ ಗೊತ್ತಿಲ್ಲ ಕಣಣ್ಣ. ಸಾಕಾಗೋಗದೆ. ಪುಸ್ತಕ ತೆಗ್ದ್ರೆ ಕಣ್ಣು ಎಳೀತದೆ. ಓದಿದ್ದು ಒಂದೂ ನಿಲ್ಲಕಿಲ್ಲ. ಅಲ್ಲಿರೋ ಐಕ್ಳು ನಗ್ತಾ ಬತ್ತವೆ, ನಗ್ತಾ ಓಯ್ತವೆ. ನಾನು ಅವತ್ತೇ, ಅದೇ ಎರಡು ನಂಬರು ಸಿಕ್ಕಿದ್ರೆ, ಅಂಗೇ ಓಯ್ತಿದ್ದೆ. ಈಗ ಆಗಕಿಲ್ಲ. ನಿಂಗೆ ಮೋಸ ಮಾಡ್ದೆ ಅಂತ ಗೊತ್ತು.”

“ಮೋಸ ಏನ್ಲಾ ಮೋಸ” ಎಂದ ನಿಂಗರಾಜು. ಆದರೆ ಅವನ ದನಿ ಸಡಿಲವಾಗಲಿಲ್ಲ. ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು, ತಮ್ಮನನ್ನು ಕಾಯದೆ, ಮನೆಯ ಕಡೆ ನಡೆದುಬಿಟ್ಟ. ಆ ದಿನದಿಂದ ಅಣ್ಣ ತಮ್ಮನ ನಡುವೆ ಕೆಲಸಕ್ಕೆ ಬೇಕಾದಷ್ಟೇ ಮಾತು. ಸೋಮಯ್ಯ ರಜೆಯನ್ನು ರದ್ದು ಮಾಡಿಸಿಕೊಂಡು ಪುಟ್ಟಲಕ್ಷ್ಮಿಯ ಜೊತೆ ಹಾರನಹಳ್ಳಿಗೆ ಹೋದ ದಿನವೂ ನಿಂಗರಾಜು ಮೇವು ತರಲು ಹೋಗಿದ್ದ. ಹೇಳಿ ಹೊರಡಲು ಸಿಗಲಿಲ್ಲ.

ಆ ಎಲಿಜಿಬಲ್ ಎಂಬ ಮಾತು ಒಂದು ಕೆಲಸಕ್ಕೆ ಬಂತು. ಅದಿದ್ದವರನ್ನು ಮಿಡ್ಲ್ ಸ್ಕೂಲಿಗೆ ತೆಗೆದುಕೊಳ್ಳುತ್ತಿದ್ದರು. ಮರುವರ್ಷ ಸೋಮಯ್ಯನನ್ನು ಸರಗೂರಿಗೆ ವರ್ಗ ಮಾಡಿ ಇಂಗ್ಲಿಷ್ ಪಾಠಕ್ಕೆ ಹಾಕಿದರು. ಪುಟ್ಟಲಕ್ಷ್ಮಿಗೆ ತವರು ಹತ್ತಿರವಾಯಿತು. ಸಂತೆಬೀದಿಯ ಹಿಂದೆ ಎರಡು ಅಂಕಣದ ಮನೆ ಸಿಕ್ಕಿತು. ಅಲ್ಲಿ ಅವರಿಗೊಂದು ಹೆಣ್ಣು ಮಗುವಾಯಿತು. ಮೇಷ್ಟ್ರು ಹೊಡೆಯುವುದಿಲ್ಲ, ಆದರೆ ನಗುವುದೂ ಇಲ್ಲ ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು. ಇನ್ನೊಂದು ಪರೀಕ್ಷೆಗೆ ಕಟ್ಟಿ, ಮೇಲಕ್ಕೆ ಹೋಗಿ ಎಂದು ಹೆಡ್‌ಮಾಸ್ಟರು ಒಂದೆರಡು ಸಲ ಹೇಳಿದರು. ಸೋಮಯ್ಯ ನೋಡೋಣ ಸಾರ್ ಎಂದು ಹೇಳಿ ಸುಮ್ಮನಾಗುತ್ತಿದ್ದ.

ಮಗುವಿಗೆ ಹಲ್ಲು ಬರುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ, ನಿಂಗರಾಜು ಮೊದಲ ಸಲ ಸರಗೂರಿಗೆ ಬಂದ. ಹೆಗಲ ಮೇಲೆ ರಾಗಿಯ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ತುಪ್ಪದ ಗಡಿಗೆ. 

ಪುಟ್ಟಲಕ್ಷ್ಮಿ ಬಾಗಿಲಿಗೆ ಬಂದು ಸೆರಗು ಸರಿಮಾಡಿಕೊಂಡು, “ಬನ್ನಿ ಭಾವ” ಎಂದಳು. ಕಾಲಿಗೆ ನೀರು ಕೊಟ್ಟಳು. “ಒಳಗೆ ಮಲಗವ್ರೆ. ಎಬ್ಬಿಸ್ತೀನಿ ಇರಿ.”

ನಿಂಗರಾಜು ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಸೋಮಯ್ಯ ಚಾಪೆಯ ಮೇಲೆ ಒಂದು ಕಡೆಗೆ ತಿರುಗಿ, ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದ. ಮಗು ಅವನ ಬೆನ್ನಿಗೆ ಒರಗಿ ಕೂತು ಏನನ್ನೋ ಕಚ್ಚುತ್ತಿತ್ತು.

“ಯಾವಾಗ್ ಮಲಗಿದ್ದು?”

“ಈಗಷ್ಟೇಯ ಭಾವ, ಊಟ ಆದ್ಮೇಲೆ.”

“ಮಲಗ್ಲಿ ಬುಡವ್ವ” ಎಂದು ನಿಂಗರಾಜು ರಾಗಿಯ ಚೀಲವನ್ನು ಸದ್ದಾಗದಂತೆ ಗೋಡೆಯ ಪಕ್ಕಕ್ಕೆ ಇಳಿಸಿ, ಹೊರಗೆ ಜಗಲಿಯ ಮೇಲೆ ಕೂತುಕೊಂಡ.